ಆಟಿಸಂ ಜೊತೆಗೆ ಮೈಟೊಕಾಂಡ್ರಿಯಾ ಕಾಯಿಲೆ ಇರುವ ಮಗು: ಮಕ್ಕಳ ನರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕುಮಟಾ ತಾಲ್ಲೂಕಿನ ತಾಯಿ):

ನಮಸ್ಕಾರ ಮೇಡಂ. ನಮ್ಮ ಮಗನಿಗೆ ನಾಲ್ಕು ವರ್ಷ, ಆಟಿಸಂ ಇದೆ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಏನೂ ತಿನ್ನದೆ ಮಲಗಿದ ಮೇಲೆ, ಆಡುತ್ತಿದ್ದ ನಾಲ್ಕಾರು ಮಾತುಗಳೂ ನಿಂತುಹೋದವು, ನಡಿಗೆ ತೂರಾಡತೊಡಗಿತು. ಬೆಂಗಳೂರಿನಲ್ಲಿ ಜೀನ್ ಪರೀಕ್ಷೆ ಮಾಡಿಸಿದಾಗ ಮೈಟೊಕಾಂಡ್ರಿಯಾ ಕಾಯಿಲೆ ಎಂದು ತಿಳಿಯಿತು. ವರದಿಯಲ್ಲಿ ‘ನ್ಯೂಕ್ಲಿಯರ್ ಜೀನ್, ಆಟೋಸೋಮಲ್ ರಿಸೆಸಿವ್’ ಎಂದು ಬರೆದಿದ್ದಾರೆ. ಬೆಳಿಗ್ಗೆ ಅಂಗಳದಲ್ಲಿ ಓಡಾಡುವವನು ಸಂಜೆಯಾಗುತ್ತಲೇ ನೆಲಕ್ಕೆ ಮಲಗಿಬಿಡುತ್ತಾನೆ. ಅದು ಹಠ, ಬಿಟ್ಟುಕೊಡದೆ ದಿನಕ್ಕೆ ಮೂರು ಗಂಟೆ ಕೂರಿಸಿ ಎಂದು ಥೆರಪಿಯವರು ಹೇಳುತ್ತಾರೆ. ತೆಳ್ಳೇವಿನ (ಅಕ್ಕಿಯ ತೆಳು ದೋಸೆ) ಗರಿಗರಿ ಅಂಚು ಮತ್ತು ಬಾಳೆಹಣ್ಣು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ. ಮೈಟೊಕಾಂಡ್ರಿಯಾ ತಾಯಿಯಿಂದಲೇ ಬರುತ್ತದಂತೆ ಎಂದು ಮನೆಯಲ್ಲಿ ಮಾತು ಬಂದಿದೆ. ಒಂದೂವರೆ ವರ್ಷದ ಮಗಳೂ ಇದ್ದಾಳೆ. ನಾವು ಏನು ಮಾಡಬೇಕು?

ಉತ್ತರ:

ನಮಸ್ಕಾರ. ಮನೆಯಲ್ಲಿ ಬಂದ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಅದನ್ನು ಹೊತ್ತುಕೊಂಡು ಮಗುವನ್ನು ನೋಡಿಕೊಳ್ಳುವುದು ಬಹಳ ಕಷ್ಟ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯಾಕ್ಕೆ 37 ಜೀನ್‌ಗಳಿರುವ ತನ್ನದೇ ಡಿಎನ್‌ಎ ಇದೆ, ಅದು ತಾಯಿಯಿಂದಲೇ ಬರುತ್ತದೆ ಎಂಬುದು ನಿಜ. ಆದರೆ ಮೈಟೊಕಾಂಡ್ರಿಯಾ ಕೆಲಸ ಮಾಡಲು ಬೇಕಾದ ಉಳಿದ ನೂರಾರು ಜೀನ್‌ಗಳು ಜೀವಕೋಶದ ನ್ಯೂಕ್ಲಿಯಸ್‌ನಲ್ಲಿರುತ್ತವೆ, ಮತ್ತು ಅವು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ನಿಮ್ಮ ವರದಿಯಲ್ಲಿರುವುದು ಈ ಎರಡನೆಯ ಬಗೆ. ‘ಆಟೋಸೋಮಲ್ ರಿಸೆಸಿವ್’ ಎಂದರೆ ಜೀನ್‌ನ ಎರಡೂ ಪ್ರತಿಗಳಲ್ಲಿ ದೋಷವಿದ್ದರೆ ಮಾತ್ರ ಕಾಯಿಲೆ: ದೋಷವಿರುವ ಒಂದು ಪ್ರತಿ ನಿಮ್ಮಿಂದ, ಇನ್ನೊಂದು ನಿಮ್ಮ ಯಜಮಾನರಿಂದ. ಇದರಲ್ಲಿ ಯಾರ ತಪ್ಪೂ ಇಲ್ಲ. ಇಂಥ ದಂಪತಿಗಳಲ್ಲಿ ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25. ಆದ್ದರಿಂದ ನಿಮ್ಮಿಬ್ಬರ ಜೊತೆ ಮಗಳ ರಕ್ತವನ್ನೂ ಮಗನಲ್ಲಿ ಕಂಡ ಜೀನ್ ಬದಲಾವಣೆಗಾಗಿ ಪರೀಕ್ಷಿಸುವ ಬಗ್ಗೆ ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಸಲಹೆಗಾರರು) ಹತ್ತಿರ ಮಾತನಾಡಿ. ಅವಳಿಗೂ ಕಾಯಿಲೆ ಇದ್ದರೆ, ಮೊದಲ ದೊಡ್ಡ ಜ್ವರ ಬರುವುದಕ್ಕೆ ಮುಂಚೆಯೇ ಅದು ನಮಗೆ ಗೊತ್ತಿರಬೇಕು.

ಇನ್ನು ಹಠದ ವಿಚಾರ. ಆಟಿಸಂ ಇರುವ ಮಗು ಇಷ್ಟವಿಲ್ಲದ್ದನ್ನು, ಹೊಸದನ್ನು, ಸದ್ದುಗದ್ದಲವನ್ನು ಒಲ್ಲೆ ಎನ್ನುತ್ತದೆ. ಶಕ್ತಿ ಮುಗಿದ ಮಗು ತನಗೆ ಬಹಳ ಇಷ್ಟವಾದುದನ್ನೂ ಒಲ್ಲೆ ಎನ್ನುತ್ತದೆ. ನಿಮ್ಮ ಮಗನಿಗೆ ಸ್ಟೀಲ್ ತಟ್ಟೆಯನ್ನು ಗಿರಗಿರ ತಿರುಗಿಸುವುದು ಇಷ್ಟವೆಂದುಕೊಳ್ಳಿ. ಸಂಜೆ ಆ ತಟ್ಟೆಯನ್ನು ಕೈಗೆ ಕೊಟ್ಟರೂ ಪಕ್ಕಕ್ಕಿಟ್ಟನೆಂದರೆ, ರೆಪ್ಪೆ ಜೋತುಬಿದ್ದಿದ್ದರೆ, ಕಾಲು ಅಗಲಿಸಿ ನಡೆಯುತ್ತಿದ್ದರೆ, ಬಾಯಿಯಿಂದ ಜೊಲ್ಲು ಹೆಚ್ಚು ಸುರಿಯುತ್ತಿದ್ದರೆ ಅದು ಹಠವಲ್ಲ. ಒಂದಿಷ್ಟು ತಿನ್ನಿಸಿ ಅರ್ಧ ಗಂಟೆ ಮಲಗಿಸಿದ ಮೇಲೆ ಮತ್ತೆ ಆಟಕ್ಕೆ ಎದ್ದರೆ ಅನುಮಾನವೇ ಬೇಡ. ಈ ಕಾಯಿಲೆಯಲ್ಲಿ ಜೀವಕೋಶಗಳು ಆಹಾರದಿಂದ ಶಕ್ತಿಯನ್ನು ಬೇಕಾದ ವೇಗದಲ್ಲಿ ತಯಾರಿಸಲಾರವು. ಹಾಗಿರುವಾಗ ಮೂರು ಗಂಟೆ ಒತ್ತಾಯದಿಂದ ಕೂರಿಸಿದರೆ ಮಗು ಕಲಿಯುವುದಿಲ್ಲ, ದಣಿಯುತ್ತದೆ ಅಷ್ಟೆ. ಥೆರಪಿಯನ್ನು ಬಿಡಬೇಡಿ, ಬೆಳಗಿನ ತಿಂಡಿಯಾದ ಮೇಲೆ ಹದಿನೈದು ಇಪ್ಪತ್ತು ನಿಮಿಷಗಳ ತುಣುಕುಗಳಾಗಿ ಒಡೆದು, ನಡುವೆ ವಿಶ್ರಾಂತಿ ಮತ್ತು ತಿನಿಸು ಕೊಡಿ. ಮಾತು ನಿಂತಿರುವ ಈ ಹೊತ್ತಿನಲ್ಲಿ ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ, ಸುಸ್ತಾಗಿದೆ ಎಂದು ಹೇಳಲು ಅವನಿಗೊಂದು ದಾರಿ ಸಿಗುತ್ತದೆ. ಮಲಗಿರುವ ಮಗುವಿನ ಚಿತ್ರವನ್ನು ಮೊದಲ ಚಿತ್ರಗಳಲ್ಲೇ ಸೇರಿಸಿ. ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಇಂಥ ಮಕ್ಕಳು ಇನ್ನೂ ಬೇಗ ಸೋಲುತ್ತಾರೆ. ಆ ದಿನಗಳಲ್ಲಿ ಥೆರಪಿ ಇನ್ನಷ್ಟು ಕಡಿಮೆಯಾದರೂ ಚಿಂತೆಯಿಲ್ಲ.

ಊಟದಲ್ಲಿ ಬಗೆಗಳಿಗಿಂತ ಹೊತ್ತು ಮುಖ್ಯ. ಇವನು ಬಹಳ ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಬಾರದು. ಮಲಗುವ ಮುನ್ನ ಏನಾದರೂ ತಿನ್ನಲಿ, ಎದ್ದ ಕೂಡಲೇ ತಿನ್ನಲಿ. ತೆಳ್ಳೇವಿನ ಅಂಚೇ ಬೇಕೆಂದರೆ ಅಂಚೇ ಕೊಡಿ. ಹಿಟ್ಟಿಗೆ ಸ್ವಲ್ಪ ಉದ್ದಿನ ಬೇಳೆ ಸೇರಿಸಿ, ಕಾವಲಿಗೆ ತುಪ್ಪ ಹಚ್ಚಿ ಎರೆಯಿರಿ. ಗರಿಗರಿತನ ಹಾಗೆಯೇ ಉಳಿದರೆ ಅವನು ಒಪ್ಪಬಹುದು. ತಿನ್ನುವಾಗ ಪದೇ ಪದೇ ಕೆಮ್ಮಿದರೆ ಅಥವಾ ನೆತ್ತಿಗೆ ಹತ್ತಿದರೆ ಅದನ್ನು ಆಟಿಸಂನ ಆಯ್ಕೆಬುದ್ಧಿ ಎಂದು ಬಿಡದೆ ನುಂಗುವಿಕೆಯ ಪರೀಕ್ಷೆ ಮಾಡಿಸಿ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಜ್ವರಕ್ಕೆ. ನಮ್ಮ ಕಡೆ ‘ಲಂಘನಂ ಪರಮೌಷಧಂ’ ಎಂದು ಜ್ವರದ ಮಗುವಿಗೆ ಗಂಜಿತಿಳಿ ಮಾತ್ರ ಕೊಡುವ ರೂಢಿಯಿದೆ. ಈ ಮಗುವಿಗೆ ಅದು ಅಪಾಯ. ಜ್ವರದಲ್ಲಿ ಶಕ್ತಿಯ ಬೇಡಿಕೆ ಏರುತ್ತದೆ, ತಿನ್ನುವುದು ನಿಲ್ಲುತ್ತದೆ. ಕಳೆದ ವರ್ಷ ಅವನ ಮಾತು, ನಡಿಗೆ ಎರಡೂ ಹಿಂದೆ ಸರಿದದ್ದು ಈ ಸಂದರ್ಭದಲ್ಲೇ. ಗಂಜಿತಿಳಿಯಲ್ಲಾಗಲಿ ಎಳನೀರಿನಲ್ಲಾಗಲಿ ಅವನಿಗೆ ಸಾಕಾಗುವಷ್ಟು ಶಕ್ತಿ ಇರುವುದಿಲ್ಲ. ವಾಂತಿಯಿಂದ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ತೀರಾ ಮಂಕಾದರೆ, ಉಸಿರಾಟ ಜೋರಾದರೆ ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಹೋಗಿ ಗ್ಲೂಕೋಸ್ ಡ್ರಿಪ್ ಹಾಕಿಸಬೇಕು. ಸಾಮಾನ್ಯವಾಗಿ ಇಂಥವರಿಗೆ ಗ್ಲೂಕೋಸ್ ಇರುವ ಸಲೈನ್ ಕೊಡುತ್ತೇವೆ, ಲ್ಯಾಕ್ಟೇಟ್ (ಮೈಟೊಕಾಂಡ್ರಿಯಾ ಸರಿಯಾಗಿ ಕೆಲಸ ಮಾಡದಿದ್ದಾಗ ರಕ್ತದಲ್ಲಿ ಹೆಚ್ಚಾಗಬಹುದಾದ ವಸ್ತು) ಇರುವ ರಿಂಗರ್ ದ್ರಾವಣವೆಂಬ ಡ್ರಿಪ್ಪನ್ನು ತಪ್ಪಿಸುತ್ತೇವೆ. ಆದರೆ ಮೈಟೊಕಾಂಡ್ರಿಯಾ ಕಾಯಿಲೆಗಳ ಪೈಕಿ ಕೆಲವದರಲ್ಲಿ ಹೆಚ್ಚು ಗ್ಲೂಕೋಸೇ ತೊಂದರೆ ಮಾಡುವುದರಿಂದ, ನಿಮ್ಮ ಮಗನಿಗೆ ಯಾವುದು, ಎಷ್ಟು ಎಂಬುದನ್ನು ಅವನ ತಜ್ಞರಿಂದಲೇ ಒಂದು ಪುಟದ ತುರ್ತು ಪತ್ರವಾಗಿ ಬರೆಸಿ, ಸಹಿ ಮಾಡಿಸಿ ಇಟ್ಟುಕೊಳ್ಳಿ.

ಆ ಪತ್ರದ ಪ್ರತಿಯನ್ನು ಮಳೆಗಾಲಕ್ಕೆ ಮೊದಲೇ ಕುಮಟಾ ತಾಲ್ಲೂಕು ಆಸ್ಪತ್ರೆಗೆ ಒಯ್ದು ಅಲ್ಲಿಯ ಮಕ್ಕಳ ವೈದ್ಯರಿಗೆ ತೋರಿಸಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ದೇವಿಮನೆ ಘಟ್ಟದ ದಾರಿಯನ್ನೂ ಮಳೆಯಲ್ಲಿ ನಂಬಿ ಕೂರುವಂತಿಲ್ಲ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಆಮೇಲೆ ಹೋಗಬಹುದು, ಮೊದಲ ಡ್ರಿಪ್ ಮಾತ್ರ ಹತ್ತಿರದಲ್ಲೇ ಬೀಳಬೇಕು.

ಮರುಪ್ರಶ್ನೆ (ಶಿರಸಿಯ ತಂದೆ):

ನಮ್ಮ ಮಗಳಿಗೆ ಆಟಿಸಂ ಮಾತ್ರ ಇದೆ, ಈಗ ಫಿಟ್ಸ್ ಶುರುವಾಗಿದೆ. ಎಲ್ಲ ಆಟಿಸಂಗೂ ಮೈಟೊಕಾಂಡ್ರಿಯಾ ದೋಷವೇ ಮೂಲವೆಂದು ಹೇಳಿ ಒಂದು ಕಡೆ ದುಬಾರಿ ವಿಟಮಿನ್ ಡಬ್ಬಿಗಳನ್ನು ಕೊಟ್ಟಿದ್ದಾರೆ. ಕೊಡಬಹುದೇ?

ಉತ್ತರ:

ಅದು ಸರಿಯಲ್ಲ. ಆಟಿಸಂ ಇರುವ ಹೆಚ್ಚಿನ ಮಕ್ಕಳಿಗೆ ಮೈಟೊಕಾಂಡ್ರಿಯಾ ಕಾಯಿಲೆ ಇರುವುದಿಲ್ಲ. ಕಲಿತದ್ದನ್ನು ಜ್ವರದ ನಂತರ ಕಳೆದುಕೊಳ್ಳುವುದು, ಸ್ನಾಯುಗಳ ಸಡಿಲಿಕೆ, ವಿಪರೀತ ದಣಿವು, ಬೆಳವಣಿಗೆ ಕುಂಠಿತವಾಗುವುದು, ಕಣ್ಣು, ಕಿವಿ, ಯಕೃತ್ತು, ಹೃದಯ ಹೀಗೆ ಹಲವು ಅಂಗಗಳಲ್ಲಿ ತೊಂದರೆ ಕಾಣಿಸುವುದು, ಇಂಥ ಲಕ್ಷಣಗಳು ಫಿಟ್ಸ್ ಜೊತೆಗೆ ಸೇರಿದ್ದರೆ ಆ ಕಾಯಿಲೆಗಾಗಿ ಹುಡುಕಬೇಕು. ರಕ್ತದಲ್ಲಿ ಲ್ಯಾಕ್ಟೇಟ್ ಒಂದೇ ಹೆಚ್ಚಿದೆ ಎಂದು ತೀರ್ಮಾನಕ್ಕೆ ಬರಬೇಡಿ. ಅತ್ತು ಒದ್ದಾಡುವ ಮಗುವಿನ ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ರಕ್ತ ತೆಗೆದರೂ ಅದು ಏರುತ್ತದೆ. ಕೋಎಂಜೈಮ್ ಕ್ಯೂ10, ಥಯಾಮಿನ್, ರೈಬೊಫ್ಲೇವಿನ್‌ಗಳಿಂದ ನಿಜಕ್ಕೂ ಸುಧಾರಿಸುವ ಕೆಲವು ನಿರ್ದಿಷ್ಟ ಕಾಯಿಲೆಗಳಿವೆ, ಉಳಿದವರಲ್ಲಿ ಪುರಾವೆ ದುರ್ಬಲ. ಡಬ್ಬಿಗೆ ಹಾಕುವ ಹಣ ಪರೀಕ್ಷೆಗೆ ಹೋಗಲಿ.

ಫಿಟ್ಸ್ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಮೈಟೊಕಾಂಡ್ರಿಯಾಕ್ಕೆ ಬೇಕಾದ ಪೋಲ್‌ಜಿ (POLG) ಎಂಬ ಜೀನ್‌ನಲ್ಲಿ ದೋಷವಿರುವ ಮಕ್ಕಳಿಗೆ ಸೋಡಿಯಂ ವ್ಯಾಲ್‌ಪ್ರೊಯೇಟ್ ಎಂಬ ಫಿಟ್ಸ್ ಮಾತ್ರೆ ಕೊಟ್ಟರೆ ಯಕೃತ್ತು ವಿಫಲವಾಗಿ ಜೀವಕ್ಕೇ ಅಪಾಯವಾಗಬಹುದು. ಮೈಟೊಕಾಂಡ್ರಿಯಾ ಕಾಯಿಲೆಯ ಸಂಶಯವಿದ್ದರೆ ಬೇರೆ ಔಷಧ ಆರಿಸುತ್ತೇವೆ. ಆದ್ದರಿಂದ ನಿಮ್ಮ ಸಂಶಯವನ್ನು ಚೀಟಿ ಬರೆಯುವ ಮೊದಲೇ ವೈದ್ಯರಿಗೆ ಹೇಳಿ. ಈಗಾಗಲೇ ಆ ಮಾತ್ರೆ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಜೋರಾಗುತ್ತದೆ. ಈ ವಾರವೇ ವೈದ್ಯರನ್ನು ಕಾಣಿ.

ಮರುಪ್ರಶ್ನೆ (ಕುಮಟಾದ ತಾಯಿ):

ಲಸಿಕೆ ಹಾಕಿಸಿದರೆ ಜ್ವರ ಬರುತ್ತದಲ್ಲ ಮೇಡಂ, ಹಾಕಿಸಬೇಕೇ? ಮತ್ತೆ ಎಂಆರ್‌ಐಗೆ ರಾತ್ರಿಯಿಂದ ಉಪವಾಸ ಇರಿಸಿ ಎಂದಿದ್ದಾರೆ.

ಉತ್ತರ:

ಹಾಕಿಸಬೇಕು. ಲಸಿಕೆಯಿಂದ ಆಟಿಸಂ ಬರುವುದಿಲ್ಲ, ಮತ್ತು ದಡಾರ, ಫ್ಲೂ ಬಂದರೆ ಇವನಿಗೆ ಆಗುವ ಹೊಡೆತ ಲಸಿಕೆಯ ಜ್ವರಕ್ಕಿಂತ ಎಷ್ಟೋ ದೊಡ್ಡದು. ಆರೋಗ್ಯವಾಗಿರುವ ದಿನ, ಹೊಟ್ಟೆ ತುಂಬಾ ತಿನ್ನಿಸಿ, ಬೆಳಿಗ್ಗೆಯೇ ಹಾಕಿಸಿ. ಎರಡು ದಿನ ಊಟ ನೀರು ತಪ್ಪದಂತೆ ನೋಡಿಕೊಳ್ಳಿ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಪ್ರಮಾಣವನ್ನು, ವಿಶೇಷವಾಗಿ ಯಕೃತ್ತಿನ ತೊಂದರೆ ಇದ್ದರೆ, ವೈದ್ಯರಿಂದಲೇ ಬರೆಸಿಕೊಳ್ಳಿ.

ರಾತ್ರಿಯಿಡೀ ಉಪವಾಸಕ್ಕೆ ಮಾತ್ರ ಒಪ್ಪಬೇಡಿ. ಎಂಆರ್‌ಐ ವೇಳೆ ಮಗುವನ್ನು ಅಲುಗಾಡದಂತೆ ಮಲಗಿಸುವ ಅರಿವಳಿಕೆ ತಜ್ಞರಿಗೆ ತುರ್ತು ಪತ್ರ ತೋರಿಸಿ, ದಿನದ ಮೊದಲ ಸರದಿ ಕೇಳಿ, ಕಾಯುವಾಗ ಯಾವ ಡ್ರಿಪ್ ಹಾಕುತ್ತಾರೆಂದು ಮುಂಚಿತವಾಗಿ ಮಾತನಾಡಿಕೊಳ್ಳಿ. ಸರದಿ ಮಧ್ಯಾಹ್ನಕ್ಕೆ ಹೋಯಿತು ಎಂದರೆ ಡ್ರಿಪ್ ಇಲ್ಲದೆ ಕಾಯಿಸದೆ, ಬೇರೆ ದಿನ ಕೇಳಿ ಪಡೆಯಿರಿ.