ಹವಳದ ಕೆಲಸ ಮಾಡುವ ಯುವ ವಿಜ್ಞಾನಿಗೆ ಬಹುಮಾನ: ಏನು ನೋಡಿ ಕೊಡಬೇಕು?

ಕಡಲತಡಿಯವ:
ನಮ್ಮ ಹಳೆ ವಿದ್ಯಾರ್ಥಿಗಳ ಗುಂಪು ಈ ವರ್ಷದಿಂದ ಒಂದು ಸಣ್ಣ ಬಹುಮಾನ ಶುರು ಮಾಡುತ್ತಿದೆ. ಹವಳದ ದಿಬ್ಬಗಳನ್ನು ಉಳಿಸುವ ಕೆಲಸದಲ್ಲಿರುವ, ಈಗಿನ್ನೂ ವೃತ್ತಿಗೆ ಕಾಲಿಟ್ಟ ಸಂಶೋಧಕರಿಗೆ. ಸಮಿತಿಯಲ್ಲಿ ಆಗಲೇ ಜಗಳ. ಒಬ್ಬರಿಗೆ ಎಷ್ಟು ಪ್ರಬಂಧ ಪ್ರಕಟವಾಗಿದೆ ಅನ್ನುವುದೇ ಮುಖ್ಯ, ಇನ್ನೊಬ್ಬರು ಹಾಳಾದ ದಿಬ್ಬದಲ್ಲಿ ಎಷ್ಟು ಹವಳದ ತುಂಡು ನೆಟ್ಟಿದ್ದಾರೆ ಅಂತ ನೋಡೋಣ ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ, ಆದರೆ ಬದಲಿಗೆ ಏನು ಕೇಳಬೇಕು ಅಂತ ಹೊಳೆಯುತ್ತಲೂ ಇಲ್ಲ. ವಯಸ್ಸಿನ ಮಿತಿ 35, ಮೊತ್ತ ಐವತ್ತು ಸಾವಿರ. ಗೊತ್ತಿರುವವರು ಹೇಳಿ.

ಉಪ್ಪುನೀರು:
ನೆಟ್ಟ ಹವಳದ ಲೆಕ್ಕ ಬೇಡವೇ ಬೇಡ ಸಾರ್. ನೆಡುವ ದಿನ ಫೋಟೊ ಚೆನ್ನಾಗಿ ಬರುತ್ತದೆ, ಎರಡು ಬೇಸಿಗೆ ಕಳೆದ ಮೇಲೆ ಎಷ್ಟು ಬದುಕಿವೆ ಅಂತ ಕೇಳಿ ನೋಡಿ. ಸಮುದ್ರದ ನೀರು ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳದ ಮೈಯೊಳಗೆ ಇದ್ದುಕೊಂಡು ಅದಕ್ಕೆ ಊಟ ಒದಗಿಸುವ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲಾಂದ್ರೆ ಸಾಯುತ್ತದೆ. ನೆಟ್ಟ ಹವಳಕ್ಕೇನೂ ವಿನಾಯಿತಿ ಇಲ್ಲ.

ಲಕ್ಷದ್ವೀಪವನ್ನೇ ತಗೊಳ್ಳಿ. 1998, 2010, 2016, ಆಮೇಲೆ 2024, ಇಷ್ಟು ಸಲ ದೊಡ್ಡ ಹೊಡೆತ ಬಿದ್ದಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1998ರಿಂದ ಅಗತ್ತಿ, ಕಡಮತ್, ಕವರತ್ತಿಯ ದಿಬ್ಬಗಳಿಗೆ ಮತ್ತೆ ಮತ್ತೆ ಇಳಿದು ಅಳೆಯುತ್ತಾ ಬಂದಿದ್ದಾರೆ. 24 ವರ್ಷದಲ್ಲಿ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ ಅಂತ ನಮಗೆ ತಿಳಿದದ್ದು ಅದರಿಂದ. ಇಂಥ ಕೆಲಸ ಒಂದು ಪಿಎಚ್‌ಡಿಯಲ್ಲಿ ಮುಗಿಯುವುದಿಲ್ಲ. ಹೊಸಬರು ಬಂದು, ಹಳಬರು ಅಳೆದ ಜಾಗದಲ್ಲೇ ಟೇಪು ಹಾಸಿ, ಅದೇ ರೀತಿ ಎಣಿಸಬೇಕು. ಹೆಸರು ಬರುವುದು ತಡ, ಹಾಗಾಗಿ ಬಹುಮಾನ ಕೊಡುವವರ ಕಣ್ಣಿಗೆ ಬೀಳುವುದೂ ಇಲ್ಲ. ನಿಮ್ಮ ಅರ್ಜಿಯಲ್ಲಿ ಹೀಗೆ ಕೇಳಿ: ಒಂದೇ ಜಾಗಕ್ಕೆ ಎಷ್ಟು ಸಲ ವಾಪಸ್ ಹೋಗಿದ್ದೀರಿ, ಅಲ್ಲಿ ಏನು ಬದಲಾಗಿದೆ?

ಕುಮಟಾ_ಅಕ್ಕ:
ಉಪ್ಪುನೀರು ಹೇಳಿದ್ದು ಸರಿ, ಆದರೆ ನೆಡುವವರನ್ನು ಪೂರ್ತಿ ತಳ್ಳಿಹಾಕಬೇಡಿ. ಎಮ್ಮಾ ಕ್ಯಾಂಪ್ ಅಂತ ಸಿಡ್ನಿಯಲ್ಲಿರುವ ವಿಜ್ಞಾನಿ. ಬಿಸಿ, ಹುಳಿ ಜಾಸ್ತಿ ಇದ್ದು ಆಮ್ಲಜನಕ ಕಮ್ಮಿ ಇರುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನೀರಿನಲ್ಲಿ ಹವಳ ಹೇಗೆ ಬದುಕಿದೆ ಅಂತ ನ್ಯೂ ಕ್ಯಾಲೆಡೋನಿಯಾದಲ್ಲೂ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲೂ ಹುಡುಕಿದರು. ಪ್ರವಾಸಿಗಳನ್ನು ಕರೆದೊಯ್ಯುವ ಬೋಟಿನವರನ್ನೇ ಜೊತೆ ಮಾಡಿಕೊಂಡು ಹವಳ ನೆಡುವ ಕೆಲಸವನ್ನೂ ಶುರು ಮಾಡಿದರು. ಯಾವುದು ತಡೆದುಕೊಳ್ಳುತ್ತದೆ ಅಂತ ತಿಳಿದು ನೆಡುವುದಕ್ಕೂ ಸುಮ್ನೆ ನೆಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಗಡಿಯಾರದ ಕಂಪನಿ ರೋಲೆಕ್ಸ್ ಕೊಡುವ ಪ್ರಶಸ್ತಿಯ 2019ರ ಪಟ್ಟಿಯಲ್ಲಿ ಅವರ ಹೆಸರು ಇತ್ತು. ಅದೇ ವರ್ಷ ನಮ್ಮ ಕೃತಿ ಕಾರಂತರಿಗೂ ಬಂದಿತ್ತು, ಕಾಡುಪ್ರಾಣಿ ಮತ್ತು ಜನರ ನಡುವಿನ ಸಂಘರ್ಷ ತಗ್ಗಿಸುವ ಕೆಲಸಕ್ಕೆ. ಆ ಪ್ರಶಸ್ತಿಯಲ್ಲಿ ನನಗೆ ಹಿಡಿಸುವುದು ಒಂದೇ, ನಡೆಯುತ್ತಿರುವ ಕೆಲಸ ಮುಂದುವರಿಯಲಿ ಅಂತ ದುಡ್ಡು ಕೊಡುತ್ತಾರೆ. ನೀವೂ ಶಾಲು, ಫಲಕದ ಖರ್ಚು ಬಿಟ್ಟು ಅದನ್ನೂ ಮೊತ್ತಕ್ಕೆ ಸೇರಿಸಿ.

ಮತ್ತೆ ಆ 35ರ ಮಿತಿ ತೆಗೆಯಿರಿ. ಪಿಎಚ್‌ಡಿ ಮುಗಿದು ಎಷ್ಟು ವರ್ಷ ಅಂತ ನೋಡಿ, ಹೆರಿಗೆ, ಮನೆಯವರ ಕಾಯಿಲೆ ಅಂತ ಬಿಟ್ಟ ವರ್ಷ ಕಳೆಯಿರಿ. ಬಸುರಿಯಾದವರು ನೀರಿನಡಿ ಡೈವ್ ಮಾಡುವಂತಿಲ್ಲ, ಈ ಕ್ಷೇತ್ರದಲ್ಲಿ ಹೆಂಗಸರಿಗೆ ಅಲ್ಲೇ ಒಂದು ದೊಡ್ಡ ಅಂತರ ಬಿದ್ದುಹೋಗುತ್ತದೆ.

ಬೋಟ್ ಮಂಜು:
ನಾನು ಮುರ್ಡೇಶ್ವರದ ಕಡೆಯವ, ನೇತ್ರಾಣಿ ದ್ವೀಪಕ್ಕೆ ಬೋಟ್ ಓಡಿಸುತ್ತೇನೆ. ಅಲ್ಲೂ ಹವಳ ಇದೆ, ಆದರೆ ಹವಳ ಅಂದರೆ ಎಲ್ಲರೂ ಲಕ್ಷದ್ವೀಪ, ಅಂಡಮಾನ್ ಅಂತಲೇ ಓಡುತ್ತಾರೆ. ಎರಡು ಮಾತು ಹೇಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಯಾರೂ ಇಳಿಯಲು ಆಗಲ್ಲ. ಮೇಲಾಗಿ 2001ರಿಂದ ಹವಳ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿ ಅದು. ಒಂದು ತುಂಡು ಮುರಿದು ಲ್ಯಾಬಿಗೆ ಒಯ್ಯಬೇಕಾದರೂ ಅನುಮತಿ ಬೇಕು. ಅದಕ್ಕೆ ಕಾಯುತ್ತಾ ಕೂತು ಸೀಸನ್ ಕಳೆದುಕೊಂಡ ಹುಡುಗರನ್ನು ನೋಡಿದ್ದೇನೆ. ಪ್ರಬಂಧ ಕಮ್ಮಿ ಇದೆ ಅಂತ ಅವರನ್ನು ಹೊರಗೆ ಹಾಕಿದರೆ ಅನ್ಯಾಯ.

ಎರಡನೆಯದು, ಎಲ್ಲಿ ಯಾವಾಗ ಹವಳ ಬಿಳಿಚಿತು ಅಂತ ಮೊದಲು ನೋಡುವವರು ನಾವು, ಮೀನುಗಾರರು. ನಮ್ಮನ್ನು ಕೇಳಿದವರು, ಕೇಳಿ ಹೋದ ಮೇಲೆ ಏನು ಸಿಕ್ಕಿತು ಅಂತ ವಾಪಸ್ ಬಂದು ಹೇಳಿದವರು ಎಷ್ಟು ಜನ? ಅರ್ಜಿ ಹಾಕುವವರಿಂದ ಬೋಟಿನವನ ನಂಬರ್ ತಗೊಂಡು ಒಂದು ಫೋನ್ ಹಾಕಿ. ಎಲ್ಲಾ ಗೊತ್ತಾಗುತ್ತದೆ.

ಕಡಲತಡಿಯವ:
ಮಂಜಣ್ಣ, ಫೋನ್ ಮಾಡುವ ಐಡಿಯಾ ಸಮಿತಿಗೆ ಹೇಳಿದೆ, ಒಪ್ಪಿದ್ದಾರೆ. 35ರ ಮಿತಿಯನ್ನೂ ತೆಗೆಯುತ್ತಿದ್ದೇವೆ ಅಕ್ಕ, ಪಿಎಚ್‌ಡಿ ಆಗಿ ಏಳು ವರ್ಷದ ಒಳಗೆ ಅಂತ ಮಾಡಿದ್ದೇವೆ. ಪ್ರಬಂಧದ ಪಟ್ಟಿ ಕೇಳುವುದಂತೂ ನಿಲ್ಲುವುದಿಲ್ಲ, ಒಬ್ಬರು ಪಟ್ಟು ಬಿಡುತ್ತಿಲ್ಲ, ಆದರೆ ಅದನ್ನು ಕೊನೆಯ ಪುಟಕ್ಕೆ ತಳ್ಳಿದ್ದೇನೆ.

ಉಪ್ಪುನೀರು:
ಪಿಎಚ್‌ಡಿ ಇಲ್ಲದೆ ಫೀಲ್ಡಿನಲ್ಲೇ ಇರುವವರು ಹಾಕಬಹುದಾ? ದ್ವೀಪದ ಹುಡುಗರೇ ಎಷ್ಟೋ ಜನ ಸರ್ವೆ ಮಾಡುತ್ತಾರೆ.

ಕಡಲತಡಿಯವ:
ಅದನ್ನು ಯೋಚಿಸಿರಲಿಲ್ಲ. ಭಾನುವಾರದ ಮೀಟಿಂಗಿನಲ್ಲಿ ಕೇಳಿ ಹೇಳುತ್ತೇನೆ.