ಬಾತುಗಳು ನೀರಿನಿಂದ ಏಳುವ, ನೀರಿಗೆ ಇಳಿಯುವ ಕ್ರಮ

ಭೀಮಾತೀರ (ಪುಣೆ):
ಉಜನಿ ಜಲಾಶಯದ ಹಿನ್ನೀರಿನಲ್ಲಿ, ಭಿಗವಣದ ಬಳಿ, ಚಳಿಗಾಲದ ಬಾತುಗಳನ್ನು ನೋಡುವಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ದೋಣಿ ಸಮೀಪಿಸಿದರೆ ಸೂಜಿಬಾಲದ ಬಾತುಗಳು ಇದ್ದಲ್ಲಿಂದಲೇ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತವೆ. ಕೆಂಪು ತಲೆಯ ಬಾತುಗಳು ಮಾತ್ರ ನೀರಿನ ಮೇಲೆ ಒಂದಷ್ಟು ದೂರ ಓಡಿದ ಬಳಿಕವೇ ಏಳುತ್ತವೆ. ಈ ಭೇದಕ್ಕೆ ಕಾರಣವೇನು? ನೆಲಕ್ಕೆ ಇಳಿಯುವ ಕ್ರಮವೂ ಬೇರೆಯೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಹಕ್ಕಿನೋಟ (ಪುಣೆ):
ಕಾರಣ ಅವು ಆಹಾರ ಹುಡುಕುವ ರೀತಿಯಲ್ಲಿದೆ. ಕೆಂಪು ತಲೆಯ ಬಾತು ಮುಳುಗಿ ಮೇಯುವ ಹಕ್ಕಿಯಾದ್ದರಿಂದ ಅದರ ಕಾಲುಗಳು ದೋಣಿಯ ಹಿಂದಿನ ಹುಟ್ಟಿನಂತೆ ದೇಹದ ಹಿಂಬದಿಗೆ ಸರಿದಿವೆ. ಮೈತೂಕಕ್ಕೆ ಹೋಲಿಸಿದರೆ ರೆಕ್ಕೆಗಳೂ ಚಿಕ್ಕವು. ಅಷ್ಟು ಚಿಕ್ಕ ರೆಕ್ಕೆಗಳು ಆ ಭಾರವನ್ನು ಎತ್ತಬೇಕಾದರೆ ಅವುಗಳ ಮೇಲೆ ಗಾಳಿ ವೇಗವಾಗಿ ಹರಿಯಬೇಕು, ಆ ವೇಗವನ್ನು ಹಕ್ಕಿ ಓಡಿಯೇ ಗಳಿಸಬೇಕು. ಸೂಜಿಬಾಲದ ಬಾತು ತಲೆಯನ್ನಷ್ಟೇ ಮುಳುಗಿಸಿ ಬಾಲವನ್ನು ಮೇಲೆತ್ತಿ ಮೇಯುತ್ತದೆ. ಅದರ ಕಾಲುಗಳು ದೇಹದ ನಡುಭಾಗಕ್ಕೆ ಹತ್ತಿರವಿವೆ, ರೆಕ್ಕೆಗಳು ತೂಕಕ್ಕೆ ತಕ್ಕಷ್ಟು ದೊಡ್ಡವು. ಹೀಗಾಗಿ ಮೊದಲ ಬಡಿತದಲ್ಲಿಯೇ ಅದು ಮೇಲಕ್ಕೆ ಚಿಮ್ಮಬಲ್ಲದು. ಎರಡೂ ಬಗೆಯವು ಸಾಧ್ಯವಾದಾಗಲೆಲ್ಲ ಗಾಳಿಗೆ ಎದುರಾಗಿಯೇ ಏಳುತ್ತವೆ, ಏಕೆಂದರೆ ಎದುರುಗಾಳಿಯಿದ್ದಷ್ಟೂ ಓಟ ಕಡಿಮೆ ಸಾಕು. ಅಲ್ಲಿಯೇ ಕಾಣುವ ನಾಮದ ಕೋಳಿ ಬಾತುಗಳ ಜಾತಿಗೆ ಸೇರದಿದ್ದರೂ ನೀರಿನ ಮೇಲೆ ಹಾಗೆಯೇ ಓಡುತ್ತದೆ.

ಮಾಂಡವಿ (ಗೋವಾ):
ಇಳಿಯುವ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಕರಮಳಿ ಕೆರೆಯಲ್ಲಿ ಸಿಳ್ಳೆ ಬಾತುಗಳನ್ನು ಗಮನಿಸಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಹಕ್ಕಿ ಮೈಯನ್ನು ನೆಟ್ಟಗೆ ಮಾಡಿ, ಬಾಲವನ್ನು ಹರಡಿ, ರೆಕ್ಕೆಗಳನ್ನು ಮುಂದಕ್ಕೆ ಬಡಿದು ವೇಗ ತಗ್ಗಿಸುತ್ತದೆ. ಆಗ ರೆಕ್ಕೆಯ ಹೆಬ್ಬೆರಳಿನ ಭಾಗದ ಪುಟ್ಟ ಗರಿಗಳು ಮೇಲೆದ್ದು, ಆ ನಿಧಾನಗತಿಯಲ್ಲಿಯೂ ಹಕ್ಕಿ ಥಟ್ಟನೆ ಬೀಳದಂತೆ ಕಾಯುತ್ತವೆ. ನೀರಿನ ಮೇಲಾದರೆ ಉಳಿದ ವೇಗವನ್ನು ಮುಂದಕ್ಕೆ ಚಾಚಿದ ಜಾಲಪಾದಗಳು ಜಾರುತ್ತಲೇ ಕಳೆಯುತ್ತವೆ. ನೆಲದ ಮೇಲೆ ಹಾಗೆ ಜಾರುವಂತಿಲ್ಲವಾದ್ದರಿಂದ ಕಾಲೂರುವ ಮೊದಲೇ ವೇಗವನ್ನು ಬಹುಮಟ್ಟಿಗೆ ಇಳಿಸಿ, ಬೇಕಾದರೆ ಒಂದೆರಡು ಹೆಜ್ಜೆ ಓಡಿ ನಿಲ್ಲಬೇಕಾಗುತ್ತದೆ. ಮುಳುಗುವ ಬಾತುಗಳು ನೆಲದಲ್ಲಿ ತಡವರಿಸಿ ನಡೆಯುವುದರಿಂದ ನೀರನ್ನೇ ಆರಿಸಿಕೊಳ್ಳುತ್ತವೆ. ನೀಳವಾದ ಕಾಲುಗಳ ಸಿಳ್ಳೆ ಬಾತುಗಳಾದರೋ ಮರದ ಕೊಂಬೆಯ ಮೇಲೂ ಇಳಿಯುತ್ತವೆ.

ಭೀಮಾತೀರ (ಪುಣೆ):
ಇಬ್ಬರಿಗೂ ಕೃತಜ್ಞತೆಗಳು. ಭಿಗವಣದ ಕೆಸರುದಂಡೆಯಲ್ಲಿ ಚಕ್ರವಾಕಗಳು ಸಲೀಸಾಗಿ ಇಳಿದು ನಡೆದಾಡುವುದಕ್ಕೂ ಕಾಲುಗಳ ಸ್ಥಾನವೇ ಕಾರಣವೆಂದು ಭಾವಿಸಬಹುದೇ?

ಹಕ್ಕಿನೋಟ (ಪುಣೆ):
ಹೌದು, ಅವುಗಳ ಕಾಲುಗಳು ನಡೆಯಲು ಅನುಕೂಲವಾಗಿಯೇ ಇವೆ. ಅವು ದಂಡೆಯಲ್ಲಿ ಹುಲ್ಲನ್ನೂ ಮೇಯುತ್ತವೆ. ಒಂದು ವಿನಂತಿ: ಚಿತ್ರ ತೆಗೆಯುವವರು ಗಾಳಿ ಬೀಸುವ ಕಡೆಯಿಂದ ದೋಣಿಯನ್ನು ಗುಂಪಿನೆಡೆಗೆ ಒಯ್ಯಬಾರದು, ಏಕೆಂದರೆ ಓಡಿ ಏಳಬೇಕಾದ ಬಾತುಗಳ ದಾರಿಗೇ ಅದು ಅಡ್ಡವಾಗುತ್ತದೆ.