ಮರು: ಹೋಸ್ಟ್, ಗೆಸ್ಟ್, ವರ್ಚುವಲ್ ಮಷೀನ್ – ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಮೇಡಂ, ತರಬೇತಿಯ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ. ಹೋಸ್ಟ್ ಓಎಸ್‌ಗೆ, ಅಂದರೆ ಕಂಪ್ಯೂಟರನ್ನೇ ನಡೆಸುವ ಆಪರೇಟಿಂಗ್ ಸಿಸ್ಟಮ್‌ಗೆ, ‘ಮನೆ ಓಎಸ್’; ಅದರೊಳಗೆ ಕೂರಿಸಿದ ಇನ್ನೊಂದಕ್ಕೆ, ಅಂದರೆ ಗೆಸ್ಟ್ ಓಎಸ್‌ಗೆ, ‘ಒಕ್ಕಲು ಓಎಸ್’. ವರ್ಚುವಲ್ ಮಷೀನನ್ನು (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರು) ಹಾಗೇ ಬಿಡಿ. ಕಾರಣಗಳನ್ನು ಪುರುಸೊತ್ತಾದಾಗ ಓದಿ.

ನಿಮ್ಮ ಪ್ರಶ್ನೆಗೆ ನಿನ್ನೆಯಿಂದ ಬಂದ ಉತ್ತರಗಳೆಲ್ಲ ‘ವರ್ಚುವಲ್’ ಸುತ್ತಲೇ ಸುತ್ತುತ್ತಿವೆ. ವರ್ಚುವಲ್ ಮಷೀನಿಗೆ ಕೆಲವರು ಸೂಚಿಸಿದ ‘ಮಿಥ್ಯಾಯಂತ್ರ’ ಆಗದು. ಮಿಥ್ಯಬಿಂಬ (ಕನ್ನಡಿಯಲ್ಲಿ ಕಾಣುವಂಥ ವರ್ಚುವಲ್ ಇಮೇಜ್) ಶಾಲೆಯಲ್ಲೇ ಗೊತ್ತಾಗಿರುತ್ತದಲ್ಲ ಎಂಬ ವಾದ ನಿಲ್ಲುವುದಿಲ್ಲ. ಮಿಥ್ಯಬಿಂಬವನ್ನು ಪರದೆಯ ಮೇಲೆ ಹಿಡಿಯಲು ಬರುವುದಿಲ್ಲ. ವರ್ಚುವಲ್ ಮಷೀನಿನಿಂದ ಪ್ರಿಂಟ್ ಕೊಟ್ಟರೆ ಕಾಗದ ಕೈಗೆ ಬರುತ್ತದೆ. ‘ಹುಸಿಗಣಕ’ ಇನ್ನೂ ಕೆಟ್ಟದ್ದು. ಹುಸಿ ಬಾಂಬ್ ಕರೆ, ಹುಸಿ ಭರವಸೆ ಎಂದು ದಿನಾ ಪೇಪರಿನಲ್ಲಿ ಓದುವವರಿಗೆ ಹುಸಿ ಎಂದರೆ ಸುಳ್ಳು, ಮೋಸ. ‘ವರ್ಚುವಲ್’ ಎಂಬ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ವಿರ್ತುಸ್, ಅಂದರೆ ಕಸುವು. ರೂಪದಲ್ಲಿ ಇಲ್ಲದಿದ್ದರೂ ಕೆಲಸದಲ್ಲಿ ಇದೆ ಅನ್ನುವುದೇ ತಿರುಳು. 1972ರಲ್ಲಿ ಐಬಿಎಂ ಕಂಪನಿ ವಿಎಂ/370 ಎಂಬ ವರ್ಚುವಲ್ ಮಷೀನ್ ವ್ಯವಸ್ಥೆ ತಂದಾಗ ಒಂದೇ ದೊಡ್ಡ ಯಂತ್ರ ಹಲವರಿಗೆ ತಮ್ಮ ತಮ್ಮ ಸ್ವಂತ ಯಂತ್ರದ ಹಾಗೆ ದುಡಿಯುತ್ತಿತ್ತು. ಇದರಲ್ಲಿ ಸುಳ್ಳು ಎಲ್ಲಿದೆ?

ಹೋಸ್ಟ್–ಗೆಸ್ಟ್‌ಗೆ ‘ಆತಿಥೇಯ–ಅತಿಥಿ’ ಸೂಚಿಸಿದವರಲ್ಲಿ ಇಬ್ಬರು ‘ಅತಿಥೇಯ’ ಎಂದು ಬರೆದಿದ್ದಾರೆ. ಅದು ಆತಿಥೇಯ, ಮೊದಲಕ್ಷರ ದೀರ್ಘ. ಪದಗಳನ್ನೇ ಹಚ್ಚಿಕೊಂಡಿರುವ ನಮ್ಮಲ್ಲೇ ತಪ್ಪುವುದಾದರೆ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಅದು ಉಳಿಯುತ್ತದೆಯೇ? ಕ್ರೀಡಾಪುಟದವರು ‘ಆತಿಥೇಯ ಭಾರತ’ ಎಂದು ಬರೆದರೂ ಎದುರಿನವರನ್ನು ಅತಿಥಿ ತಂಡ ಅನ್ನುವುದಕ್ಕಿಂತ ‘ಪ್ರವಾಸಿ ತಂಡ’ ಅನ್ನುವುದೇ ಹೆಚ್ಚು. ಒಂದೇ ಸಾಲಿನಲ್ಲಿ ಆತಿಥೇಯ, ಅತಿಥಿ ಎರಡೂ ಬಂದರೆ ಓದುವವನ ಕಣ್ಣು ಎಡವುತ್ತದೆ. ಇನ್ನು ‘ತಿಥಿ ನೋಡದೆ ಬರುವವನೇ ಅತಿಥಿ’ ಎಂಬ ವ್ಯುತ್ಪತ್ತಿ. ಗೆಸ್ಟ್ ಓಎಸ್ ಹಾಗೆ ಹೇಳದೆ ಕೇಳದೆ ಬರುವುದಿಲ್ಲ. ಇಷ್ಟು ಮೆಮೊರಿ, ಇಷ್ಟು ಡಿಸ್ಕ್ ಎಂದು ಅಳೆದುಕೊಟ್ಟು ನಾವೇ ಕೂರಿಸುತ್ತೇವೆ.

ನಾನು ಡಿಟಿಪಿ, ಅಂದರೆ ಅಚ್ಚಿಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವವನು. ನನ್ನ ಹಳೆಯ ಫೈಲುಗಳೆಲ್ಲ ಪುಟ ಜೋಡಿಸುವ ಸಾಫ್ಟ್‌ವೇರ್ ಆದ 2001ರ ಪೇಜ್‌ಮೇಕರ್ 7ರಲ್ಲಿವೆ, ಅಕ್ಷರಗಳು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತಕ್ಕೆ ಮುಂಚಿನವು. ಅವನ್ನು ನಾನು ತೆರೆಯುತ್ತಿದ್ದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತಿತು. ಹೊಸ ಕಂಪ್ಯೂಟರಿಗೆ ಲಿನಕ್ಸ್ ಓಎಸ್ ಹಾಕಿಸಿ, ವರ್ಚುವಲ್ ಮಷೀನ್ ನಡೆಸುವ ವರ್ಚುವಲ್‌ಬಾಕ್ಸಿನೊಳಗೆ ಎಕ್ಸ್‌ಪಿ ಕೂರಿಸಿಕೊಂಡೆ. 8 ಜಿಬಿ ಮೆಮೊರಿಯಲ್ಲಿ ಅದಕ್ಕೆ 1 ಜಿಬಿ ಬೇಕಾದಷ್ಟಾಯಿತು. ಕೆಲಸಕ್ಕಿದ್ದ ಹುಡುಗನಿಗೆ ‘ಗೆಸ್ಟಲ್ಲಿ ಇಡಬೇಡ, ಹೋಸ್ಟಲ್ಲಿ ಇಡು’ ಎಂದು ದಿನಾ ಹೇಳುತ್ತಿದ್ದೆ. ಅವನ ಕಿವಿಗೆ ಎರಡೂ ಒಂದೇ. ಒಂದು ಸಂಜೆ ಮದುವೆ ಕರೆಯೋಲೆಯ ತಿದ್ದುಪಡಿಗಳನ್ನೆಲ್ಲ ಎಕ್ಸ್‌ಪಿಯ ಡೆಸ್ಕ್‌ಟಾಪಿನಲ್ಲೇ ಉಳಿಸಿ ಮನೆಗೆ ಹೋದ. ಬೆಳಿಗ್ಗೆ ಎಕ್ಸ್‌ಪಿ ಏಳಲಿಲ್ಲ. ತಿಂಗಳ ಹಿಂದಿನ ಸ್ನ್ಯಾಪ್‌ಶಾಟಿಗೆ (ಅಂದಿನ ಸ್ಥಿತಿಯನ್ನು ಉಳಿಸಿಟ್ಟ ನಕಲಿಗೆ) ಹಿಂತಿರುಗಿಸಿದೆ. ಆ ಸ್ನ್ಯಾಪ್‌ಶಾಟ್ ತೆಗೆದ ನಂತರ ಒಳಗೆ ಉಳಿಸಿದ್ದೆಲ್ಲ ಹೋಯಿತು. ‘ಸರ್, ಕಂಪ್ಯೂಟರಲ್ಲೇ ಸೇವ್ ಮಾಡಿದ್ದೆ’ ಅಂದ. ಅವನ ಮಾತು ನಿಜ. ತಪ್ಪು ನಾನು ಕೊಟ್ಟ ಪದಗಳದ್ದು.

ಒಕ್ಕಲು ಎಂದರೆ ನೆಲೆಸುವುದು, ಇನ್ನೊಬ್ಬರ ಜಾಗದಲ್ಲಿ ಇರುವುದು, ಹಾಗೆ ಇರುವವನು. 1894ರ ಕಿಟೆಲ್ ನಿಘಂಟು ತೆರೆದು ನೋಡಿ. ಕರಾವಳಿಯಲ್ಲಿ ಗೃಹಪ್ರವೇಶಕ್ಕೆ ಮನೆ ಒಕ್ಕಲು ಅನ್ನುತ್ತಾರೆ, ತುಳುವಿನಲ್ಲೂ ಇಲ್ಲ್ ಒಕ್ಕೆಲ್. ಗುಡಿಸಲಿನವರನ್ನು ಒಕ್ಕಲೆಬ್ಬಿಸಿದರು ಎಂದು ಇಂದಿಗೂ ಪೇಪರಿನಲ್ಲಿ ಬರುತ್ತದೆ. ಬೇಡವಾದ ಗೆಸ್ಟನ್ನು ತೆಗೆದುಹಾಕುವುದಕ್ಕೂ ಅದೇ ಕ್ರಿಯಾಪದ ಸಿದ್ಧವಾಗಿದೆ: ಒಕ್ಕಲೆಬ್ಬಿಸು. ಗೆಸ್ಟ್ ಅಳೆದುಕೊಟ್ಟ ಜಾಗದಲ್ಲಿ ಇರುತ್ತದೆ, ಆಫ್ ಮಾಡಿದರೆ ಮೆಮೊರಿ ಬಿಟ್ಟುಕೊಡುತ್ತದೆ. ನೆಂಟನಿಗಿಂತ ಬಾಡಿಗೆದಾರನಿಗೆ ಹತ್ತಿರ. ಧಾರವಾಡದ ಹಿರಿಯರು ‘ಒಕ್ಕಲುತನ ಅಂದ್ರ ಬ್ಯಾಸಾಯ’ ಎಂದು ಆಕ್ಷೇಪಿಸಿದ್ದಾರೆ. ಒಪ್ಪುತ್ತೇನೆ, ಆ ಕಡೆ ಮೊದಲು ತೋಚುವುದು ಹೊಲವೇ. ಆದರೆ ಮನೆಯ ಪಕ್ಕದಲ್ಲೇ ಒಕ್ಕಲು ಎಂದಿಟ್ಟಾಗ ಗೊಂದಲ ಉಳಿಯುವುದಿಲ್ಲ.

‘ಓಎಸ್ ಯಾಕೆ, ಕಾರ್ಯಾಚರಣ ವ್ಯವಸ್ಥೆ ಅನ್ನಿ’ ಎಂದವರಿಗೆ: ಅದೂ ಎರವಲೇ, ಸಂಸ್ಕೃತದ್ದು, ಉದ್ದ ಬೇರೆ. ಎರವಲನ್ನೆಲ್ಲ ಹೊರಗಟ್ಟಬೇಕು ಎನ್ನುವುದೂ, ಒಂದನ್ನೂ ಕನ್ನಡಿಸಬೇಡಿ ಎನ್ನುವುದೂ ಕೆಲಸಗಾರನನ್ನು ನೋಡದೆ ಆಡುವ ಮಾತು. ಅಚ್ಚುಕೂಟದಲ್ಲಿ ಟೈಪು ‘ಮೊಳೆ’ಯಾಯಿತು. ಕೈ ಅದನ್ನು ದಿನವಿಡೀ ಹೆಕ್ಕುತ್ತಿತ್ತು, ಬಾಯಿಗೆ ಸುಲಭದ ಹೆಸರು ಬೇಕಿತ್ತು. ‘ಪ್ರೂಫು’ ಪ್ರೂಫಾಗಿಯೇ ಉಳಿಯಿತು, ಕರಡಚ್ಚು ಎಂಬ ಒಳ್ಳೆಯ ಪದವಿದ್ದರೂ. ವರ್ಚುವಲ್ ಮಷೀನ್ ಎಂಬ ಹೆಸರನ್ನು ಹುಡುಗ ದಿನಕ್ಕೊಂದು ಸಲವೂ ಉಚ್ಚರಿಸುವುದಿಲ್ಲ. ಒಳಗೋ ಹೊರಗೋ ಎಂಬುದನ್ನು ಮಾತ್ರ ಗಳಿಗೆಗಳಿಗೆಗೂ ನೋಡುತ್ತಿರುತ್ತಾನೆ.

ಒಂದು ಎಚ್ಚರಿಕೆ. ಗೆಸ್ಟಿನೊಳಗಿಂದ ಮೌಸನ್ನು ಬಿಡಿಸುವ ‘ಹೋಸ್ಟ್ ಕೀ’ಯನ್ನು ‘ಮನೆ ಕೀ’ ಮಾಡಬೇಡಿ; ಕೀಬೋರ್ಡಿನಲ್ಲಿ ಆಗಲೇ ಹೋಮ್ ಎಂಬ ಕೀ ಇದೆ. ‘ಮೌಸ್ ಒಳಗೆ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಒತ್ತಿ’ ಎಂದೇ ಬರೆಯಿರಿ.

ಚೀಟಿಗೆ ಇಷ್ಟು ಸಾಕು:

ಇದು ಒಕ್ಕಲು ಓಎಸ್. ಇಲ್ಲಿ ಫೈಲು ಉಳಿಸಬೇಡಿ.
ಮನೆ ಓಎಸ್‌ನ ಫೋಲ್ಡರಿಗೆ ಹಾಕಿಯೇ ಮುಚ್ಚಿ.